ಬೆರಳ ಮೇಲಿನ ಗದ್ಯಭಾಗ

ಓದುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಕಮರಿಪೇಟೆಯ ನಮ್ಮ ಓಣಿಯಲ್ಲಿ ನಾನೇ ಸಾರಿಕೊಂಡು ಬಂದವಳು. ಅತ್ತೆಗೆ ವಾರಪತ್ರಿಕೆಯ ಕಥೆ ಓದಿ ಹೇಳುವಾಗ ಅಳುವ ಕಡೆ ಅಳುತ್ತಿದ್ದೆ, ಗದರುವ ಕಡೆ ಗದರುತ್ತಿದ್ದೆ. ಗಬ್ಬೂರಿನ ಕಣ್ಣು ಕಾಣದ ಹುಡುಗಿಯೊಬ್ಬಳಿಗೆ ಸರ್ಕಾರಿ ನೌಕರಿಯ ಪರೀಕ್ಷೆಯಲ್ಲಿ ಪ್ರಶ್ನೆ ಓದಿ ಹೇಳಿ, ಅವಳು ಹೇಳಿದ ಉತ್ತರ ಗುರುತು ಮಾಡುವವರು ಬೇಕೆಂದಾಗ ಒಂದೇ ಮಾತಿಗೆ ಒಪ್ಪಿದೆ. ಅವಳು ಪದವೀಧರೆ, ನಾನು ಪಿಯುಸಿ. ಬರೆಯುವವರು ಅಭ್ಯರ್ಥಿಗಿಂತ ಕಡಿಮೆ ಓದಿರಬೇಕೆಂಬ ನಿಯಮಕ್ಕೆ ನಾನು ಹೇಳಿ ಮಾಡಿಸಿದ ಹಾಗಿದ್ದೆ.

ಮನೆಯಲ್ಲಿ ಅವಳು ಮತ್ತು ತಾಯಿ ಇಬ್ಬರೇ. ತಾಯಿಯ ಹೊಲಿಗೆಯಿಂದ ಸಂಸಾರ ನಡೆಯುತ್ತಿತ್ತು, ಆ ತಾಯಿಗೂ ದೃಷ್ಟಿ ಮಂಜಾಗತೊಡಗಿತ್ತು. ಈ ನೌಕರಿ ಸಿಗಲೇಬೇಕಿತ್ತು.

ಕನ್ನಡ ಪತ್ರಿಕೆಯ ಗದ್ಯಭಾಗವೇ ಅವಳಿಗೆ ಕಂಟಕ. ಕಣ್ಣಿದ್ದವರು ಹಿಂದೆ ಮುಂದೆ ನೋಡಿ ಉತ್ತರ ಹುಡುಕುತ್ತಾರೆ, ಅವಳು ಒಮ್ಮೆ ಕೇಳಿದ್ದನ್ನು ಹಿಡಿದಿಟ್ಟುಕೊಳ್ಳಬೇಕು. ಅದಕ್ಕೇ ಮೊದಲು ಪ್ರಶ್ನೆಗಳನ್ನು ಓದಿಸುತ್ತಿದ್ದಳು. ಆಮೇಲೆ ಗದ್ಯ. ಒಂದೊಂದು ಪ್ಯಾರಾ ಮುಗಿದಂತೆ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದು ಬೆರಳು ಒತ್ತಿಕೊಳ್ಳುತ್ತಿದ್ದಳು. ಉತ್ತರ ಯಾವ ಬೆರಳಲ್ಲಿದೆ ಎಂದು ನೆನೆದು ಆ ಪ್ಯಾರಾ ಅಷ್ಟನ್ನೇ ಮತ್ತೆ ಕೇಳುತ್ತಿದ್ದಳು. ನನ್ನ ಓದಿನ ವೈಖರಿಯನ್ನಂತೂ ಮೊದಲ ದಿನವೇ ನಿಲ್ಲಿಸಿದಳು.

"ನಾಟಕ ಬ್ಯಾಡ್ರಿ ಅಕ್ಕಾರ. ನೀವು ಒತ್ತಿ ಹೇಳಿದ್ದ ನನಗ ಉತ್ತರ ಅನಿಸ್ತೈತಿ. ಸಪ್ಪಗ ಓದ್ರಿ."

ನನಗೆ ಸಿಟ್ಟು ಬಂತು. ಆದರೂ ಸಪ್ಪಗೆ ಓದುವುದನ್ನು ಕಲಿತೆ.

ಪರೀಕ್ಷೆಯ ದಿನ ಧಾರವಾಡದ ಕಾಲೇಜಿನ ಗೇಟಿನಲ್ಲಿ ತಾಯಿ ನನ್ನ ಕೈ ಹಿಡಿದು ಮೆಲ್ಲಗೆ, "ನಿಮಗ ಕಣ್ಣದಾವ್ರಿ. ಸ್ವಲ್ಪ ನೋಡ್ಕೋರಿ" ಅಂದಳು. ಅದರ ಅರ್ಥ ನನಗೆ ತಿಳಿಯದೆ ಇರಲಿಲ್ಲ.

ಗದ್ಯಭಾಗ ಕೆರೆಯೊಂದರ ಬಗ್ಗೆ ಇತ್ತು. ಕೆರೆ ಹಾಳಾಗಲು ಮುಖ್ಯ ಕಾರಣವೇನು ಎಂಬುದು ಪ್ರಶ್ನೆ. ಎರಡನೆಯ ಪ್ಯಾರಾ ಹೂಳನ್ನು ದೂರುತ್ತಿತ್ತು. ಕೊನೆಯ ಪ್ಯಾರಾದಲ್ಲಿ ಲೇಖಕರು ಆ ಮಾತನ್ನು ತಿರುಗಿಸಿ, ಊರಿನವರು ಕೆರೆಯನ್ನು ಮರೆತದ್ದೇ ಮುಖ್ಯ ಕಾರಣ ಎಂದಿದ್ದರು. ಆ ವಾಕ್ಯವನ್ನು ನಾನು ಅವಳು ಕಲಿಸಿದಂತೆಯೇ ಸಪ್ಪಗೆ ಓದಿದೆ. ಅವಳು ತೋರುಬೆರಳು ಮುಟ್ಟಿಕೊಂಡು, ಹೂಳು ಎಂದಳು.

ನನ್ನ ಕೈ ನಿಂತಿತು. ಉತ್ತರಪತ್ರಿಕೆಯಲ್ಲಿ ಪಕ್ಕದ, ಸರಿಯುತ್ತರದ ವೃತ್ತ ತುಂಬಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪೆನ್ನಿನ ಸದ್ದು ಕೇಳದೆ ಅವಳು ನನ್ನ ಕಡೆ ಮುಖ ತಿರುಗಿಸಿದಳು. ನಾನು ತಡೆದದ್ದೇಕೆಂದು ಅವಳಿಗೆ ತಿಳಿದುಹೋಗಿತ್ತು.

"ನಾ ಹೇಳಿದ್ದ ಬರೀರಿ" ಅಂದಳು.

ಬರೆದೆ.

ಆಯ್ಕೆಪಟ್ಟಿ ಬಂತು, ಅವಳ ನಂಬರ್ ಇರಲಿಲ್ಲ. ಸ್ವಲ್ಪದರಲ್ಲೇ ತಪ್ಪಿತ್ತು. ಮಾತಾಡಿಸಿಕೊಂಡು ಬರೋಣವೆಂದು ಗಬ್ಬೂರಿಗೆ ಹೋದರೆ ತಾಯಿ ಬಾಗಿಲಲ್ಲೇ ನಿಂತು, ಮಗಳು ಮಲಗಿದ್ದಾಳೆ ಎಂದಳು. ಒಳಗೆ ಅವಳು ಫೋನಿನಲ್ಲಿ ಏನೋ ಪಾಠ ಹಚ್ಚಿಕೊಂಡು ಕೇಳುತ್ತ ಕೂತಿದ್ದ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು. ಆ ತಾಯಿಯನ್ನು ದೂರುವ ಮನಸ್ಸು ನನಗೆ ಬರಲಿಲ್ಲ. ಆದರೆ ಬಸ್ಸಿನಲ್ಲಿ ಮುಖ ಮರೆಸಿಕೊಂಡು ಅತ್ತೆ.

ಈ ವರ್ಷ ಮತ್ತೆ ಅರ್ಜಿ ಕರೆದಾಗ ಅವಳದೇ ಫೋನು. ಓದಲು ಬರುತ್ತೀರಾ ಎಂದು ಕೇಳಿದಳು. ನಾನೇ ಯಾಕೆ, ಬೇರೆಯವರು ಸಿಗಲಿಲ್ಲವೇ ಎಂದೆ.

"ಪರೀಕ್ಷಾದಾಗ ಕೊಟ್ಟಿದ್ದ ಉತ್ತರಪತ್ರಿಕೆ ಕಾರ್ಬನ್ ಪ್ರತಿ ಅವ್ವನ ಕಡಿಂದ ಓದಿಸಿ, ಸರಿ ಉತ್ತರದ ಪಟ್ಟಿಗೆ ಹಚ್ಚಿ ನೋಡಿದ್ನಿರಿ. ಎಲ್ಲಾ ನಾ ಹೇಳಿದಂಗ ಐತಿ, ತಪ್ಪಾಗಿದ್ದೂ ನಂದ ಐತಿ. ಅದರ ಹಿಂದಿನ ಸಲ ಬಂದಾಕಿ ನನ್ನ ಮ್ಯಾಲ ಕರುಣಾ ಪಟ್ಟು ತನಗ ತಿಳಿದದ್ದ ತುಂಬಿದ್ಲು. ಎಲ್ಲೆ ತಪ್ಪೇನಿ ಅನ್ನೂದ ನನಗ ಗೊತ್ತಾಗಲಿಲ್ಲ."

ಅಷ್ಟರಲ್ಲಿ ಫೋನು ಕೈ ಬದಲಾಯಿತು. ತಾಯಿ, "ಬರ್ರಿ ಅಕ್ಕಾರ" ಅಂದಳು.