ಹಿಂದಕ್ಕೆ ನಡೆದ ಆನೆಗಳು

ತೊಂಬತ್ತರ ದಶಕದಲ್ಲಿ ನಮ್ಮ ಮನೆಗೆ ಬರುತ್ತಿದ್ದ ಪ್ರತಿ ವಿಡಿಯೋ ಕ್ಯಾಸೆಟ್ಟನ್ನೂ ಮೊದಲು ನಾನೊಬ್ಬನೇ ನೋಡಬೇಕು. ದೋಹಾದ ಅಲ್ ಸದ್ದ್‌ನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದೊಂದು ಕಾನೂನು, ಮಾಡಿದವನೂ ನಾನೇ. ಶುಕ್ರವಾರ ಬೆಳಿಗ್ಗೆ ರಿಮೋಟ್ ಹಿಡಿದು ಕೂತು, ಎಲ್ಲಿ ಅಪ್ಪುಗೆ, ಎಲ್ಲಿ ಚೂರಿ, ಎಲ್ಲಿ ಹೆಣ ಎಂದು ನೆನಪಿಟ್ಟುಕೊಳ್ಳುತ್ತಿದ್ದೆ. ಸಂಜೆ ಹೆಂಡತಿ ಮತ್ತು ಆರು ವರ್ಷದ ಮಗಳು ನೋಡುವಾಗ ಆ ಜಾಗ ಬಂತೋ, ಫಾರ್ವರ್ಡ್. ಕತೆಯ ತಲೆಬುಡ ತಿಳಿಯದೆ ಅವರು ಗೊಣಗಿದರೆ ರೇಗಿಬಿಡುತ್ತಿದ್ದೆ. ನನ್ನದು ಮೂಗಿನ ತುದಿಯ ಸಿಟ್ಟು. ಮನೆಯವರು ಏನು ನೋಡಬೇಕು, ಏನು ನೋಡಬಾರದು ಎಂದು ನನಗೆ ಗೊತ್ತಿದೆ ಎಂಬ ಧಿಮಾಕು ಬೇರೆ.

ಮಗಳಿಗೆ ಆರಾದ ಆ ವರ್ಷ ನಮಗೊಂದು ಗಂಡುಮಗು ಏಳನೇ ತಿಂಗಳಿಗೇ ಹುಟ್ಟಿತು. ಹುಟ್ಟುವಾಗಲೇ ಉಸಿರಿರಲಿಲ್ಲ. ಹೆಂಡತಿಗೆ ಇನ್ನೂ ಪೂರ್ತಿ ಎಚ್ಚರವಾಗಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹಿಡಿದುಕೊಂಡು ನರ್ಸ್, ತಾಯಿ ಏಳುವವರೆಗೆ ಇಟ್ಟಿರೋಣವೇ ಎಂದು ಕೇಳಿದಳು. ಬೇಡ, ಅವಳಿಂದ ತಡೆದುಕೊಳ್ಳಲಿಕ್ಕಾಗದು ಎಂದೆ. ಬಿಸಿಲೇರುವ ಮೊದಲೇ ದಫನ ಮುಗಿಯಿತು. ಎಚ್ಚರವಾದ ಮೇಲೆ ಅವಳು, ಮಗು ಎಲ್ಲಿ ಎಂದು ಒಂದೇ ಒಂದು ಸಲ ಕೇಳಿದಳು. ಆಮೇಲೆ ಅಳಲೂ ಇಲ್ಲ. ಊಟಕ್ಕೆ ಬನ್ನಿ, ಗ್ಯಾಸ್ ಮುಗಿದಿದೆ, ಇಷ್ಟೇ ಮಾತು. ನಾಲ್ಕು ತಿಂಗಳು ಹಾಗೇ ಕಳೆಯಿತು. ಹೇಗಾದರೂ ಅವಳನ್ನು ಮೊದಲಿನ ಹಾಗೆ ಮಾತಾಡಿಸಬೇಕೆಂಬುದೊಂದೇ ನನ್ನ ಚಿಂತೆಯಾಗಿತ್ತು.

ಕ್ಯಾಸೆಟ್ ಅಂಗಡಿಯವನು ಕಾಡುಪ್ರಾಣಿಗಳ ಚಿತ್ರವೊಂದನ್ನು ಕೊಟ್ಟ. ಡಬ್ಬಿಯ ಮೇಲೆ ಜಿಂಕೆಮರಿ, ನವಿಲು. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಬಹುದು, ಕಣ್ಣು ಮುಚ್ಚಿ ತಗೊಂಡು ಹೋಗಿ ಎಂದ. ಹಾಡಿಲ್ಲ, ಹೊಡೆದಾಟವಿಲ್ಲ, ಪ್ರಾಣಿಗಳಲ್ಲಿ ನೋಡಬಾರದ್ದು ಏನಿದೆ? ಮೊದಲ ಸಲ, ನಾನು ನೋಡದೆಯೇ ಕ್ಯಾಸೆಟ್ಟನ್ನು ಅವರ ಕೈಗೆ ಕೊಟ್ಟು ಡ್ಯೂಟಿಗೆ ಹೋದೆ.

ನಾಲ್ಕೈದು ದಿನ ಕಳೆದಿರಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆಂದು ಬಂದು ಬಾಗಿಲು ತೆರೆದರೆ ಹಾಲ್‌ನಲ್ಲಿ ಕತ್ತಲೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಒಳಗೆ ದಪ್ಪ ಕರ್ಟನ್ ಎಳೆದು, ಟಿವಿಯೆದುರು ಚಾಪೆಯ ಮೇಲೆ ತಾಯಿ, ಮಗಳು ನನಗೆ ಬೆನ್ನು ಹಾಕಿ ಕೂತಿದ್ದರು. ಏಸಿಯದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಟಿವಿಯಲ್ಲಿ ಆನೆಗಳು ಹಿಂದಕ್ಕೆ ನಡೆಯುತ್ತಿದ್ದವು. ಗಾಳಿಯಲ್ಲಿದ್ದ ಧೂಳು ಇಳಿದಿಳಿದು ಅವುಗಳ ಕಾಲಡಿ ಸೇರುತ್ತಿತ್ತು. ಸತ್ತು ಬಿದ್ದಿದ್ದ ಮರಿಯೊಂದರ ಸುತ್ತ ಅವು ಹಿಮ್ಮುಖವಾಗಿಯೇ ಬಂದು ನಿಂತವು. ತಾಯಿಯಾನೆ ಸೊಂಡಿಲಿನಿಂದ ಅದನ್ನು ಮುಟ್ಟಿತು, ಮತ್ತೆ ಮುಟ್ಟಿತು. ಮರಿಯ ಕಾಲು ಅದುರಿತು. ತಲೆ ಮೇಲೆದ್ದಿತು. ಅದು ಎದ್ದು ನಿಂತಿತು.

“ಉಪ್ಪಾ, ನೋಡಿ, ಉಮ್ಮ ದಿನಾ ಅದನ್ನು ಏಳಿಸ್ತಾರೆ,” ಎಂದು ಮಗಳು ಹಿಂದೆ ತಿರುಗದೆಯೇ ನನಗೆ ಹೇಳಿದಳು.

ಹೆಂಡತಿಯ ಹೆಬ್ಬೆರಳು ರಿವೈಂಡ್ ಗುಂಡಿಯ ಮೇಲಿತ್ತು. ಮರಿ ಎದ್ದು ನಿಂತಲ್ಲಿಗೆ ಚಿತ್ರವನ್ನು ನಿಲ್ಲಿಸಿದಳು. ಬಿಳಿ ಗೆರೆಗಳ ನಡುವೆ ಅದು ನಿಂತಲ್ಲೇ ನಡುಗುತ್ತಿತ್ತು. ಪಕ್ಕಕ್ಕೆ ಹೋಗಿ ನೋಡಿದರೆ, ಅವಳು ನಗುತ್ತಿದ್ದಳು.

ನನಗೆ ಹೆದರಿಕೆಯಾದರೆ ಅದೂ ಸಿಟ್ಟಾಗಿಯೇ ಹೊರಗೆ ಬರುವುದು. ಖಲಾಸ್, ಈ ದರಿದ್ರ ಕ್ಯಾಸೆಟ್ ಇವತ್ತೇ ವಾಪಸ್ ಎಂದು ಕೂಗಾಡಿ ಟಿವಿ ಆರಿಸಿದೆ. ಆ ಕತ್ತಲೆಯಲ್ಲಿ ಅವಳ ಮುಖ ಕಾಣದಾಯಿತು, ಮಾತು ಮಾತ್ರ ಕೇಳಿತು.

“ಆನೆಗಾದರೂ ಮುಟ್ಟಲಿಕ್ಕೆ ಬಿಟ್ಟಿದ್ದಾರೆ,” ಎಂದಳು. “ನೀವು ನೋಡಿದ್ದೀರಲ್ಲ. ಹೇಳಿ, ಮುಖ ಯಾರ ಹಾಗಿತ್ತು?”

ನಿನ್ನ ಹಾಗೆಯೇ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. ಆದರೆ ಆವತ್ತು ನರ್ಸ್ ಬಟ್ಟೆ ಸರಿಸಲು ಹೊರಟಾಗ ನಾನು ಗೋಡೆಯ ಕಡೆ ತಿರುಗಿದ್ದೆ. ಕಬರಸ್ತಾನದವರೆಗೂ ತೋಳಿನಲ್ಲಿ ಹಿಡಿದುಕೊಂಡು ಹೋದವನು ಒಮ್ಮೆಯೂ ಆ ಬಟ್ಟೆ ಸರಿಸಿರಲಿಲ್ಲ.

“ನಾನೂ ನೋಡಲಿಲ್ಲ,” ಎಂದೆ.

ರಿಮೋಟನ್ನು ಅವಳು ಚಾಪೆಯ ಮೇಲಿಟ್ಟ ಸದ್ದಾಯಿತು.

“ಹಾಗಾದರೆ ಅವನನ್ನು ನಮ್ಮವರು ಯಾರೂ ನೋಡಲಿಲ್ಲ,” ಎಂದಳು.

ಆಮೇಲೆ ಅವಳೇ ಎದ್ದು ಟಿವಿ ಹಾಕಿದಳು. ಚಾಪೆಯಲ್ಲಿ ಸರಿದು ಜಾಗ ಮಾಡಿ, ಕೂತುಕೊಳ್ಳಿ ಎಂದಳು. ಈ ಸಲ ಚಿತ್ರವನ್ನು ಮುಂದಕ್ಕೆ ಬಿಟ್ಟಳು. ಮರಿ ತೂರಾಡಿತು, ಮುಂಗಾಲು ಮಡಚಿಕೊಂಡಿತು. ನನ್ನ ಕೈ ತನ್ನಷ್ಟಕ್ಕೆ ರಿಮೋಟಿನ ಕಡೆ ಹೋಯಿತು. ಅವಳು ಆ ಕೈಯನ್ನು ಹಿಡಿದುಕೊಂಡಳು; ಕೊನೆಯ ಆನೆ ಮರಗಳ ಹಿಂದೆ ಮರೆಯಾಗುವವರೆಗೂ ಬಿಡಲಿಲ್ಲ.