ಆಡದೇ ಗೆದ್ದ ಫೈನಲ್

ಭಾನುವಾರ ಸಂಜೆ ಕ್ಯಾನ್ವಾಸ್ ಬೂಟಿಗೆ ಬಿಳಿ ಬಳಿಯುವುದು ನನಗೆ ದೇವರ ಮುಂದೆ ದೀಪ ಹಚ್ಚಿದಷ್ಟೇ ತಪ್ಪದ ಕೆಲಸ. ಹಳೆಯ ಟೂತ್‌ಬ್ರಷ್ಷಿನಿಂದ ಹೊಲಿಗೆಯ ಸಂದಿನ ಕೆಮ್ಮಣ್ಣು ಕೆರೆದು, ಲೇಸು ಬಿಚ್ಚಿ ಬೇರೆಯಾಗಿ ಒಗೆದು, ಬಳಿದ ಬೂಟನ್ನು ಬಾಲ್ಕನಿಯ ಕಟ್ಟೆಯ ಮೇಲೆ ಒಣಗಲು ಇಟ್ಟರೆ ನನ್ನ ವಾರ ಮುಗಿಯಿತು. ಸೇನೆಯ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದವಳು ನಾನು. ಚಾದರದ ಮೂಲೆ ಸರಿಯಾಗಿ ಮಡಚಿಲ್ಲವೆಂದರೆ ಇಂದಿಗೂ ನಿದ್ದೆ ಹತ್ತುವುದಿಲ್ಲ. ಟೆನಿಸ್ ಕಲಿತದ್ದೂ ಅಲ್ಲೇ, ಕಂಟೋನ್ಮೆಂಟಿನ ಅಂಕಣಗಳಲ್ಲಿ, ಪಾಳಿ ಮುಗಿಸಿ ಮೈಗಂಟಿದ ಡೆಟಾಲಿನ ವಾಸನೆ ಆರುವ ಮುಂಚೆ.

ನಿವೃತ್ತಳಾಗಿ ಅಟ್ಟೂರಿನ ಈ ಬಡಾವಣೆಗೆ ಬಂದಾಗ ಮನೆಗಿಂತ ಮೊದಲು ನಾನು ನೋಡಿದ್ದು ಟೆನಿಸ್ ಅಂಕಣವನ್ನು. ನೀರಿನ ಟ್ಯಾಂಕಿನ ಹಿಂದೆ, ಮಕ್ಕಳ ಜಾರುಬಂಡೆಯ ಪಕ್ಕ, ಬಡಾವಣೆ ಕಟ್ಟಿದವರು ಜಾಹೀರಾತಿನ ಅಂದಕ್ಕೆಂದು ಮಾಡಿಟ್ಟ ಕೆಮ್ಮಣ್ಣಿನ ಅಂಕಣ. ಆಡುವವರು ಯಾರೂ ಇರಲಿಲ್ಲವಾದ್ದರಿಂದ ಟ್ಯಾಂಕಿನ ಗೋಡೆಗೇ ಚೆಂಡು ಹೊಡೆಯುತ್ತಿದ್ದೆ. ಒಂದು ಬೆಳಿಗ್ಗೆ ಬೇಲಿಯಾಚೆಯಿಂದ ದನಿ ಬಂತು: "ಏನ್ ಮೇಡಮ್ಮೋರೆ, ಗೋಡೆ ಮ್ಯಾಲೆ ಅಷ್ಟೊಂದ್ ಸಿಟ್ಟು?"

ರಾಮೇಗೌಡರು. ಆ ಅಂಕಣದ ನೆಲ ಒಂದು ಕಾಲಕ್ಕೆ ಅವರ ತಂದೆ ಕುಂಬಳ ಬೆಳೆಯುತ್ತಿದ್ದ ಜಮೀನು; ಈಗ ಗೌಡರು ಅದೇ ಬಡಾವಣೆಯಲ್ಲಿ ಬಾಡಿಗೆ ಮನೆಗಳ ಮಾಲೀಕರು. "ಎದುರಿಗೆ ನಿಲ್ಲೋರು ಯಾರೂ ಇಲ್ಲ ಗೌಡ್ರೇ, ನೀವು ಬನ್ನಿ" ಎಂದೆ. ಪಂಚೆ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟರು. ಅಂದಿನಿಂದ ದಿನವೂ ಬಂದರು. ಕುಡುಗೋಲು ಬೀಸಿದಂಥ ಸರ್ವಿಸು, ಎಮ್ಮೆ ಅಟ್ಟಿಸಿಕೊಂಡು ಬಂದಂಥ ಓಟ. ಚೆಂಡು ಗೆರೆಯಾಚೆ ಬಿತ್ತೆಂದರೆ, "ನಮ್ಮಪ್ಪನ್ ಕಾಲ್ದಾಗೆ ಗಡಿ ಅಲ್ಲೇ ಇತ್ತು, ಪಾಯಿಂಟ್ ನಂದೇ" ಎಂಬ ವಾದ.

ಆಟದ ನಡುವೆ ದಣಿವಾರಿಸಿಕೊಳ್ಳಲು ಕೂತಾಗ ನಾನು ಅವರಿಗೆ ನಮ್ಮ ದೇಶದ ಟೆನಿಸ್ಸಿನ ಕಥೆ ಹೇಳುತ್ತಿದ್ದೆ. ಆಟಗಾರರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಬೇಕಿಲ್ಲ, ಗೊತ್ತಿಲ್ಲದವರು ಇಷ್ಟೊಂದು ಮಂದಿ ಎನ್ನುವುದೇ ನನ್ನ ಸಂಕಟ. ಬಲಕ್ಕಿಂತ ಮಣಿಕಟ್ಟಿನ ಜಾಣ್ಮೆಯನ್ನು ನಂಬಿ ವಿಂಬಲ್ಡನ್ನಿನ ಹುಲ್ಲಿನ ಮೇಲೆ ಸೆಮಿಫೈನಲ್‌ವರೆಗೆ ನಡೆದುಹೋದ ಮದರಾಸಿನವರಿದ್ದರು. ಆಮೇಲೆ ಅದೇ ಊರಿನ ಅಣ್ಣತಮ್ಮಂದಿರು ಬಂದರು. ನಮ್ಮ ತಂಡ ಡೇವಿಸ್ ಕಪ್ಪಿನ ಫೈನಲ್ ತಲುಪಿ, ಎದುರಿಗಿರುವುದು ಬಣ್ಣ ನೋಡಿ ಮನುಷ್ಯರನ್ನು ಬೇರ್ಪಡಿಸುವ ಸರ್ಕಾರದ ದೇಶವೆಂದು ಆಡದೆಯೇ ಕಪ್ ಬಿಟ್ಟುಕೊಟ್ಟಿತು. ಆ ಕಪ್ ಇವತ್ತಿಗೂ ನಮಗೆ ಸಿಕ್ಕಿಲ್ಲ. ಒಲಿಂಪಿಕ್ಸಿನಲ್ಲಿ ಕಂಚು ತಂದ ಕಲ್ಕತ್ತೆಯವರು, ಬೈಗುಳವನ್ನೂ ಬ್ಯಾಕ್‌ಹ್ಯಾಂಡಿನಷ್ಟೇ ಸಲೀಸಾಗಿ ಎದುರಿಸಿದ ಹೈದರಾಬಾದಿನ ಹುಡುಗಿ, ಉಳಿದವರು ರ್‍ಯಾಕೆಟ್ಟು ಮೂಲೆಗಿಡುವ ವಯಸ್ಸಿನಲ್ಲಿ ಡಬಲ್ಸಿನ ತುದಿಯೇರಿದ ಕೊಡಗಿನವರು, ಎಲ್ಲರ ಕಥೆಯನ್ನೂ ಗೌಡರು ಬಾಯಿ ತೆರೆದು ಕೇಳುತ್ತಿದ್ದರು. ಒಮ್ಮೆ ಮಾತ್ರ, "ಈಚೆಗ್ ಬಂದೋರೆಲ್ಲಾ ಜೋಡಿ ಆಟ್ದೋರೇ ಅಂತೀರಲ್ಲ, ಒಂಟಿಯಾಗ್ ಆಡೋ ಗಂಡ್ಸು ಇಲ್ವಾ ಈಗ?" ಎಂದು ಕೇಳಿದರು. ದೊಡ್ಡ ಟೂರ್ನಿಗಳು ಬಂದಾಗ ಸಿಂಗಲ್ಸ್ ಪಟ್ಟಿಯಲ್ಲಿ ನಮ್ಮವರ ಹೆಸರಿದೆಯೇ ಎಂದು ಮೇಲಿನಿಂದ ಕೆಳಗೆ ಓದುವುದು ನನ್ನ ಹಳೆಯ ರೂಢಿ. ಬಹಳ ಸಲ ಸುಮ್ಮನೆ ಪೇಪರು ಮಡಚಿ ಇಡುತ್ತೇನೆ.

ಈ ವರ್ಷ ಬಡಾವಣೆಯ ಸಂಘದವರು ಅಂಕಣಕ್ಕೆ ಕಾಂಕ್ರೀಟು ಹಾಕಿ ಪಿಕಲ್‌ಬಾಲ್ ಎಂಬ ಹೊಸ ಆಟದ ಅಂಕಣಗಳನ್ನು ಮಾಡುವ ಯೋಚನೆ ತಂದರು. ಸೆಕ್ರೆಟರಿ ಪ್ರಶಾಂತ್ ಒಳ್ಳೆಯವನೇ, ಮುಚ್ಚುಮರೆಯಿಲ್ಲದೆ ಮಾತಾಡುವವನು. "ಆಂಟಿ, ಇಬ್ರಿಗೋಸ್ಕರ ಇಷ್ಟು ಜಾಗ ಇಟ್ಕೊಂಡಿದೀವಿ ಅಂತಾರೆ ಎಲ್ರೂ. ಒಂದ್ ಟೂರ್ನಮೆಂಟ್ ಮಾಡಿ. ಒಂದೇ ಒಂದ್ ಮ್ಯಾಚ್ ನಡೆದು ಜನ ನಿಂತು ನೋಡಿದ್ರೂ ಸಾಕು, ನಾನು ಕೋರ್ಟ್ ಟಚ್ ಮಾಡೋಕೆ ಬಿಡಲ್ಲ" ಎಂದ. ಮಾಡಿದೆ. ನನ್ನದು, ಗೌಡರದು ಮತ್ತು ಮೂರನೆಯ ಬೀದಿಯ ಬ್ಯಾಂಕಿನ ದಂಪತಿಯದು, ಇಷ್ಟೇ ಹೆಸರು ಬಂದವು. ಮಗಳಿಗೆ ಪರೀಕ್ಷೆ ಎಂದು ದಂಪತಿ ಹಿಂದೆ ಸರಿದರು. ಹೀಗೆ ನಾನೂ ಗೌಡರೂ ಒಂದು ಚೆಂಡನ್ನೂ ಹೊಡೆಯದೆ ಫೈನಲ್ ಸೇರಿದೆವು.

ಫೈನಲ್ಲಿನ ಬೆಳಿಗ್ಗೆ ಗೆರೆಗಳಿಗೆ ನಾನೇ ಸುಣ್ಣ ಎಳೆದೆ, ನೆಟ್ ಬಿಗಿದೆ. ಪ್ರಶಾಂತ್ ಕುರ್ಚಿ ಹಾಕಿಸಿದ್ದ; ಕಾಫಿ ಇರುವುದರಿಂದಲೋ ಏನೋ, ಜನರೂ ಬಂದಿದ್ದರು. ಅಷ್ಟು ಜನ ಆ ಬೇಲಿಯ ಸುತ್ತ ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಗೌಡರು ಬಂದರು. ಒಂದು ಕೈಯಲ್ಲಿ ರ್‍ಯಾಕೆಟ್ಟು, ಇನ್ನೊಂದರಲ್ಲಿ ಊರುಗೋಲು.

"ಏನಾಯ್ತು ಗೌಡ್ರೇ?"

"ಏನಿಲ್ಲ ಬುಡಿ. ರಾತ್ರಿ ಮೆಟ್ಲಲ್ಲಿ ಕಾಲು ತಿರುಚ್ಕಂತು. ಮನೇಲಿ ಬೂಟ್ ಬಚ್ಚಿಟ್ಟವ್ರೆ, ಅದ್ಕೇ ಚಪ್ಲೀಲಿ ಬಂದೆ."

ಬಗ್ಗಿ ಪಂಚೆ ಸರಿಸಿ ನೋಡಿದೆ. ಮಂಡಿ ಊದಿ ಬಿಗಿದು ಹೊಳೆಯುತ್ತಿತ್ತು, ಮುಟ್ಟಿದರೆ ಕೆಂಡ. ಅವರು ನನ್ನ ಕಿವಿಯ ಹತ್ತಿರ ಬಂದು, "ನಾನ್ ನಿಂತಲ್ಲೇ ನಿಂತ್ಕಂತೀನಿ, ನೀವ್ ಒಡೀರಿ. ಸೋತ್ರೆ ಓಗ್ಲಿ. ಮ್ಯಾಚ್ ನಡೀತು ಅಂತ ಆಯ್ತದಲ್ಲ, ಕೋರ್ಟ್ ಉಳ್ಕಳ್ಳಿ" ಎಂದರು. ನಾನು ಆ ಮುಖವನ್ನು ಬಲ್ಲೆ. ನಿಂತಲ್ಲೇ ನಿಲ್ಲುವ ಜೀವವಲ್ಲ ಅದು. ಮೊದಲ ಚೆಂಡು ಪಕ್ಕಕ್ಕೆ ಹೋದೊಡನೆ ಓಡುತ್ತದೆ, ಬೀಳುತ್ತದೆ, ಮತ್ತೆ ಸರಿಯಾಗಿ ಏಳುವುದಿಲ್ಲ. ಎಷ್ಟೋ ವಾರ್ಡುಗಳಲ್ಲಿ ಎಷ್ಟೋ ಮಂಡಿಗಳಿಗೆ ಪಟ್ಟಿ ಕಟ್ಟಿದ ಕೈ ನನ್ನದು. ಆದರೂ, ಸುಳ್ಳೇಕೆ, ಆಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಕೂತ್ಕೊಳ್ಳಿ" ಎಂದೆ.

"ಮೇಡಮ್ಮೋರೆ..."

"ಕೂತ್ಕೊಳ್ಳಿ ಅಂದೆ. ಪ್ರಶಾಂತ್, ಐಸ್ ತರಿಸಪ್ಪ."

ಫೈನಲ್ ಬಿಟ್ಟುಕೊಟ್ಟವರನ್ನು ದೇಶ ಇಂದಿಗೂ ನೆನೆಯುತ್ತದೆ. ಅವರ ಹಿಂದೆ ಒಂದು ತತ್ವವಿತ್ತು. ನನ್ನ ಮುಂದಿದ್ದದ್ದು ಒಂದು ಊದಿದ ಮಂಡಿ. ವಿಚಿತ್ರವೆಂದರೆ, ಇಲ್ಲಿ ಗೆದ್ದವಳೂ ನಾನೇ. ಎದುರಾಳಿ ಆಡದಿದ್ದರೆ ನಿಯಮವೇ ಹಾಗೆ. ಪ್ರಶಾಂತ್ ನನಗೆ ಶಾಲು ಹೊದಿಸಿ ಹಾರ ಹಾಕಿ, "ನಮ್ಮ ಚಾಂಪಿಯನ್!" ಎಂದು ಮೈಕಿನಲ್ಲಿ ಕೂಗಿದ. ಜನ ಕಾಫಿಯ ಲೋಟ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಆಮೇಲಿನ ಸಭೆಯಲ್ಲಿ ಕಾಂಕ್ರೀಟಿನ ವಿಷಯ ಬಂದಾಗ ಅವನು ನನ್ನತ್ತ ನೋಡಿದ. ಮಾತು ಮಾತೇ ಅಲ್ಲವೇ, ಮ್ಯಾಚ್ ನಡೆದಿರಲಿಲ್ಲ. ನಾನೂ ಕೈ ಎತ್ತಿ ಒಪ್ಪಿಗೆ ಕೊಟ್ಟೆ.

ಈಗ ಅಲ್ಲಿ ನೀಲಿ ಬಣ್ಣದ ನೆಲ, ಪುಟ್ಟ ನೆಟ್‌ಗಳು, ಸಂಜೆಯೆಲ್ಲ ಟಕಟಕ ಸದ್ದು. ಎಲ್ಲರೂ ಆಡುತ್ತಾರೆ, ಎಲ್ಲರೂ ನಗುತ್ತಾರೆ. ಅದನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಮೊನ್ನೆ ಆ ದಾರಿಯಲ್ಲಿ ಹೋಗುತ್ತಿದ್ದಾಗ ಬೇಲಿಯ ಪಕ್ಕದ ಕುರ್ಚಿಯಿಂದ ಗೌಡರು, "ಬನ್ನಿ ಮೇಡಮ್ಮೋರೆ, ಉಪ್ಪಿನ್ಕಾಯ್ ಆಟ ನೋಡ್ಬನ್ನಿ" ಎಂದು ಕರೆದರು. ಅಷ್ಟರಲ್ಲಿ ಯಾರೋ ನನ್ನ ಕೈಗೆ ಹಲಗೆಯಂಥ ಬ್ಯಾಟು ತುರುಕಿ ಒಳಗೆ ನಿಲ್ಲಿಸಿದರು. ತೂತು ತೂತಿನ ಪ್ಲಾಸ್ಟಿಕ್ ಚೆಂಡು ತೇಲಿ ಬಂತು. ಕಾಲು ತಾನಾಗಿ ಹಿಂದಕ್ಕೆ ಸರಿಯಿತು, ಭುಜ ತಿರುಗಿತು, ತೋಳು ಪೂರ್ತಿ ಬೀಸಿತು. ಚೆಂಡು ಬೇಲಿ ದಾಟಿ ಜಾರುಬಂಡೆಯ ಕೆಳಗೆ ಹೋಗಿ ಬಿತ್ತು.

"ಮೆಲ್ಲಗೆ ಆಂಟಿ, ಮೆಲ್ಲಗೆ!" ಎಂದು ಎಲ್ಲರೂ ನಕ್ಕರು.

ಇನ್ನೊಂದು ಚೆಂಡು ಬಂತು. ಮೆಲ್ಲಗೆ ಹೊಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೌಡರು ಮಾತ್ರ ತಟ್ಟಲಿಲ್ಲ; ಊರುಗೋಲಿನ ಮೇಲೆ ಗದ್ದವಿಟ್ಟು ಆ ನೀಲಿ ನೆಲವನ್ನೇ ನೋಡುತ್ತಾ ಕುಳಿತಿದ್ದರು.