ಕ್ಯಾಂಪಿನ ಶೆಫಾಲಿ, ಕಕ್ಕೇರಾದ ರೊಟ್ಟಿ

ಸುರಪುರದ ಕಲ್ಯಾಣಮ್ಮನ ಖಾನಾವಳಿಯಲ್ಲಿ ಶೆಫಾಲಿ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಾಳೆ. ಮನೆಯಲ್ಲಿ ಮಾತ್ರ ಗಂಡ ಬಿಮಲ ಒಂದನ್ನೂ ಮುಟ್ಟುವುದಿಲ್ಲ. ಅವನಿಗೆ ಅನ್ನ, ಮೀನಿನ ಸಾರೇ ಆಗಬೇಕು. "ರೊಟ್ಟಿ ಅಂದ್ರ ಊಟ ಅಲ್ಲ, ಊಟ ಇಡೋ ತಾಟು" ಎನ್ನುತ್ತಾನೆ ಪುಣ್ಯಾತ್ಮ.

ಅವಳ ಅಪ್ಪ-ಅವ್ವ ಪೂರ್ವ ಬಂಗಾಳದಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದವರು. ಸರ್ಕಾರ ಸಿಂಧನೂರಿನ ಹತ್ತಿರ ಕ್ಯಾಂಪು ಹಾಕಿ, ಹೊಲ ಕೊಟ್ಟು ಕೂರಿಸಿತು. ಶೆಫಾಲಿ ಹುಟ್ಟಿದ್ದು ಅಲ್ಲಿಯೇ. ಭತ್ತ ನಾಟಿಯ ಕೂಲಿಗೆಂದು ಸುರಪುರದ ಕಡೆ ಬಂದವಳು, ಸೊಂಟ ಹಿಡಿದ ಮೇಲೆ ಖಾನಾವಳಿ ಸೇರಿದಳು. ಮೊದಲ ದಿನ ತಣ್ಣೀರಿನಲ್ಲಿ ಹಿಟ್ಟು ಕಲಸಿಕೊಂಡು ಕೂತಳಲ್ಲ, ಮಹಾತಾಯಿ! ರೊಟ್ಟಿ ಹಂಚಿಗೆ ಹೋಗುವ ಮೊದಲೇ ಚೂರುಚೂರು. "ಎಸರು ಹೊಯ್ಯದ ಹಿಟ್ಟು ನಾದ್ತಾರೇನ ಯವ್ವಾ!" ಎಂದು ಕಲ್ಯಾಣಮ್ಮ ಹಣೆಹಣೆ ಬಡಿದುಕೊಂಡು, ಕುದಿನೀರಿನ ಹದ ಕಲಿಸಿದಳು. ಅದಾಗಿ ಹತ್ತು ವರ್ಷವಾಯಿತು.

ದಿನಾ ಮಧ್ಯಾಹ್ನ ಉಣ್ಣಲು ಬರುವ ಸಂಗಣ್ಣ ಸಾವ್ಕಾರರಿಗೆ ಒಂದು ಚಟ: ರೊಟ್ಟಿ ನೋಡಿ ಬಡಿದವಳ ಊರು ಹೇಳುವುದು. ಅಡುಗೆಮನೆಯೊಳಗೆ ಇಣುಕಿದವರಲ್ಲ, ಆದರೂ "ಇದು ಕಕ್ಕೇರಾದ ಕೈ. ಬ್ಯಾರೇದವ್ರಿಗೆ ಇಷ್ಟು ತೆಳ್ಳಗ ಬರಾಂಗಿಲ್ಲ" ಎಂದು ಹತ್ತು ವರ್ಷದಿಂದ ಊರಿಗೆಲ್ಲ ಸಾರುತ್ತಿದ್ದರು. ಕಾಯಂ ಗಿರಾಕಿಯ ಬಾಯಿ ಮುಚ್ಚಿಸುವಷ್ಟು ದಡ್ಡಿಯಲ್ಲ ಕಲ್ಯಾಣಮ್ಮ.

ಈಗ ಶೆಫಾಲಿಗೆ ಸ್ವಂತ ರೊಟ್ಟಿ ಅಂಗಡಿ ಹಾಕುವ ಹುಚ್ಚು ಹಿಡಿದಿತ್ತು. ಬಸ್‌ಸ್ಟ್ಯಾಂಡಿನ ಎದುರು ಖಾಲಿ ಇದ್ದದ್ದು ಒಂದೇ ಮಳಿಗೆ, ಅದೂ ಸಂಗಣ್ಣನವರದ್ದು. "ಊರು ಕೇಳಿದ್ರ ಕಕ್ಕೇರಾ ಅಂದುಬಿಡು, ಕೀಲಿ ನಿನ್ನ ಕೈಯಾಗ. ನಾನೂ ನಿನ್ನ ಅಂಗಡಿ ರೊಟ್ಟೀನ ತರಸ್ತೀನಿ" ಎಂದು ಕಲ್ಯಾಣಮ್ಮ ಹೇಳಿಕೊಟ್ಟು ಕಳಿಸಿದಳು.

ಶೆಫಾಲಿ ಹತ್ತು ರೊಟ್ಟಿ ಕಟ್ಟಿಕೊಂಡು ಹೋದಳು. ಸಂಗಣ್ಣ ಒಂದನ್ನು ಮುರಿದು ಬಾಯಿಗಿಟ್ಟು, "ಓಹೋ, ಆ ಕೈ ನಿಂದೇನ! ಕಕ್ಕೇರಾದಾಗ ಯಾರ ಪೈಕಿ, ತಂಗಿ?" ಎಂದರು. ನಾಲಗೆಯ ತುದಿಗೆ ಬಂದ ಸುಳ್ಳು ಅಲ್ಲಿಂದ ಮುಂದೆ ಬರಲೊಲ್ಲದು.

"ನಾ ಕಕ್ಕೇರಾದಾಕಿ ಅಲ್ರಿ. ಸಿಂಧನೂರು ಕ್ಯಾಂಪಿನಾಕಿ. ಬಂಗಾಲಿ."

ಸಾವ್ಕಾರರ ಮುಖ ಹುಳ್ಳಗಾಯಿತು. ಆದರೂ ಬಾಯಲ್ಲಿದ್ದದ್ದನ್ನು ಉಗುಳಲಿಲ್ಲ. ನುಂಗಿ, ನೀರು ಕುಡಿದು, ಮಳಿಗೆಯ ಕೀಲಿಯನ್ನು ಮುಂದಿಟ್ಟರು. "ಆಗ್ಲಿ, ಮಳಗಿ ತಗೋ. ಬೋರ್ಡಿನ ಮ್ಯಾಲ ಮಾತ್ರ ಕಕ್ಕೇರಾ ರೊಟ್ಟಿ ಅಂತ ಬರಸು. ಹತ್ತು ವರ್ಷ ಹೇಳೀನಿ, ನನ್ನ ಮರ್ಯಾದಿ ಹೋಗ್ತದ."

ಶೆಫಾಲಿಗೆ ನಗು ಬರಬೇಕಿತ್ತು, ಅಳು ಬಂತು. "ಒಲ್ಲೆರಿ ಸಾವ್ಕಾರ್ರ. ಅಪ್ಪ ಬಿಟ್ಟು ಬಂದ ಊರು ನಾ ಕಣ್ಣೀಲೆ ಕಂಡಿಲ್ಲ. ನಂದು ಅಂತ ಇರೋದು ಆ ಕ್ಯಾಂಪ್ ಒಂದ. ಅದನ್ನೂ ಬಿಟ್ರ ನಾ ಯಾವೂರಾಕಿ?" ಎಂದು ಕೀಲಿ ಮುಟ್ಟದೆ ಎದ್ದಳು.

ಅಷ್ಟರಲ್ಲಿ ಸಂಗಣ್ಣನವರ ಎರಡನೇ ರೊಟ್ಟಿಯೂ ಮುಗಿದಿತ್ತು.

"ಏ, ಕುಂದ್ರು! ಎಷ್ಟು ಸಿಟ್ಟವ್ವಾ ನಿಂದು" ಎನ್ನುತ್ತ ಕೀಲಿಯನ್ನು ಅವಳತ್ತ ತಳ್ಳಿದರು. "ಕ್ಯಾಂಪಿನ ರೊಟ್ಟಿ ಅಂತನ ಬರಸು. ಯಾರರ ಕೇಳಿದ್ರ, ಇದು ಕ್ಯಾಂಪಿನ ಕೈ ಅಂತ ನಾ ಮೊದ್ಲ ಹೇಳಿದ್ದೆ ಅಂತೀನಿ."